ಸೋಗು, ಸೀರೆ, ಕ್ಯಾಮೆರಾ: ಬಿಡಿ ಟಿಪ್ಪಣಿಗಳು

ಗಂಡಸು ಸೀರೆ ಉಟ್ಟು ಬೀದಿಗೆ ಬಂದರೆ ನಮ್ಮ ವಿಜಯಪುರದ ಜನ ಏನು ಮಾಡುತ್ತಾರೆ? ಹೋಳಿಯ ಬಣ್ಣದ ದಿನವಾದರೆ ನಗುತ್ತಾರೆ, ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಮಂಗಳವಾರ ತಲೆ ಮೇಲೆ ಎಲ್ಲಮ್ಮನ ಬುಟ್ಟಿ, ಪಡಲಗಿ ಹೊತ್ತು ಬಂದರೆ ಕೈ ಮುಗಿದು ಮೊರದಲ್ಲಿ ಜೋಳ ತಂದು ನೀಡುತ್ತಾರೆ. ಆಟದ ಅಟ್ಟದ ಮೇಲೆ ಬಂದರೆ ದುಡ್ಡು ಕೊಟ್ಟು ಆಹೇರಿ ಮಾಡುತ್ತಾರೆ. ಹಬ್ಬವಲ್ಲ, ವಾರವಲ್ಲ, ಆಟವೂ ಇಲ್ಲ, ಸುಮ್ಮನೆ ಒಂದು ಮಧ್ಯಾಹ್ನ ಬಂದರೆ ಏನಾಗುತ್ತದೆ ಎನ್ನುವುದೂ ನನಗೆ ಗೊತ್ತು. ಬಸ್ ನಿಲ್ದಾಣದ ಹತ್ತಿರ ಕಣ್ಣಾರೆ ಕಂಡಿದ್ದೇನೆ. ಅದೇ ಸೀರೆ, ಅದೇ ಊರು, ಅದೇ ಜನ. ವರ್ಷಗಳಿಂದ ಸೋಗುಗಳ ಫೋಟೋ ತೆಗೆಯುತ್ತ ಬಂದರೂ ಈ ಲೆಕ್ಕ ನನಗೆ ಬಗೆಹರಿದಿಲ್ಲ. ಬಗೆಹರಿಯುವ ತನಕ ಕಂಡದ್ದನ್ನಾದರೂ ಬರೆದಿಡೋಣ ಎಂದು ಈ ಟಿಪ್ಪಣಿ.

*

ವಿಜಯಪುರ, ಬಣ್ಣದ ದಿನ. ಅಣಕು ಶವಯಾತ್ರೆ.

ಚಟ್ಟದ ಮೇಲೆ ಮಲಗಿದವನು ನಡುನಡುವೆ ಎದ್ದು ನೀರು ಕುಡಿಯುತ್ತಾನೆ. ಮುಂದೆ ಹಲಗಿ ಮೇಳ. ಓಣಿ ತಿರುವಿಗೊಮ್ಮೆ ನಿಂತು, ಹುಲ್ಲಿನ ಉರಿಗೆ ಹಲಗಿ ಹಿಡಿದು, ಚರ್ಮ ಬಿಗಿಯಾದ ಮೇಲೆ ಮತ್ತೆ ಸುರು. ಹಿಂದೆ ಸೀರೆ ಉಟ್ಟ ಗಂಡಸು ಸತ್ತವನ ಹೆಂಡತಿ. ಬಾಯಿಗೆ ಅಂಗೈ ಬಡಿದು ಎಲ್ಲರೂ ಲಬೋ ಲಬೋ ಎನ್ನುವಾಗ ಇವನೊಬ್ಬ ಹಾಡ್ಯಾಡಿ ಅಳುತ್ತಾನೆ. ನಮ್ಮ ಕಡೆ ಸತ್ತ ಮನೆಯಲ್ಲಿ ಹೆಂಗಸರು ಸತ್ತವರ ಗುಣ ಹೇಳಿ ಅಳುವ ಧಾಟಿಯೇ ಅದು. ಮಾತು ಮಾತ್ರ ಬೇರೆ.

“ನನ್ನ ರಾಜಾ, ಕಿರಾಣಿ ಅಂಗಡಿ ಉದ್ರಿ ಯಾರ ಮ್ಯಾಲ ಬಿಟ್ಟ ಹ್ವಾದ್ಯೋ... ಗಟಾರ ಕಟ್ಟಸ್ತೀನಂತ ವೋಟ ಇಸ್ಕೊಂಡ್ಯಲ್ಲೋ, ಅದss ಗಟಾರದಾಗ ಬಿದ್ದ ಸತ್ತ್ಯಲ್ಲೋ...”

ಎರಡನೆಯ ಸಾಲಿಗೆ ಗೊತ್ತಾಯಿತು, ಸತ್ತಿರುವವನು ಗಂಡನಲ್ಲ, ವಾರ್ಡಿನ ಮುಖಂಡ. ಅವನ ಹೆಸರು ಯಾರೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಹಾಕಿದ್ದೆ. ಮಾರ್ಚ್ ತಿಂಗಳ ನಡು ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿಂದ ಬೀಳುತ್ತದೆ. ಕಣ್ಣಿನ ಗುಳಿಯಲ್ಲಿ ನೆರಳು ತುಂಬಿ ನಗುವವನೂ ಅಳುವವನಂತೆ ಕಾಣುತ್ತಾನೆ. ಸುಣ್ಣ ಬಳಿದ ಗೋಡೆಯ ಪಕ್ಕ ಮೇಳ ಬರುವ ತನಕ ಕಾದರೆ ಗೋಡೆಯ ಬೆಳಕು ಮುಖದ ಮೇಲೆ ಬಿದ್ದು ಅದಷ್ಟು ಸರಿಹೋಗುತ್ತದೆ.

*

ಬಾಗಲಕೋಟೆ 1997ರ ತನಕ ನಮ್ಮ ಜಿಲ್ಲೆಯೇ. ಅಲ್ಲಿಯ ಹೋಳಿಗೆ ಈಗಲೂ ನಮ್ಮವರು ಹೋಗುತ್ತಾರೆ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಓಣಿ ಓಣಿಯ ನಡುವೆ ಪೈಪೋಟಿ. ಬಣ್ಣದ ಬಂಡಿಗಳಲ್ಲಿ ಬ್ಯಾರಲ್ ತುಂಬ ಬಣ್ಣದ ನೀರು, ಸೋಗಿನ ಬಂಡಿಗಳಲ್ಲಿ ವೇಷದವರು. ಪುರಾಣದ ದೇವರು ಕೂತ ಬಂಡಿಯ ಹಿಂದೆಯೇ ಈ ವರ್ಷದ ಸುದ್ದಿಯನ್ನು ಆಡಿಕೊಳ್ಳುವ ಬಂಡಿ ಬರುತ್ತದೆ. ವಿಜಯಪುರದ ಕಡೆ ಇಷ್ಟು ವ್ಯವಸ್ಥೆ ಇಲ್ಲ. ಇಲ್ಲಿ ಸೋಗು ಚಿಲ್ಲರೆಯಾಗಿ, ಮನಸ್ಸಿಗೆ ಬಂದ ಹಾಗೆ ಹುಟ್ಟುತ್ತದೆ. ನನಗೆ ಇದೇ ಹೆಚ್ಚು ಸೇರುತ್ತದೆ.

*

ಸೀರೆ ಎಲ್ಲಿಂದ ಬರುತ್ತದೆ ಎಂದು ನೋಡಲು ವಿಜಯಪುರದ ಆ ಬಣ್ಣದ ದಿನ ಬೆಳಿಗ್ಗೆಯೇ ಒಂದು ಮನೆಗೆ ಹೋಗಿದ್ದೆ.

ಹುಡುಗನಿಗೆ ಸೀರೆ ಉಡಿಸುತ್ತಿದ್ದವರು ಅವನ ವೈನಿ, ಅಣ್ಣನ ಹೆಂಡತಿ. ಬಣ್ಣ ಬಿದ್ದರೂ ನಡೆದೀತು ಎನ್ನುವ ಹಳೆಯ ಇಳಕಲ್ ಸೀರೆ, ಕಂಕುಳಲ್ಲಿ ಹೊಲಿಗೆ ಬಿಚ್ಚಿ ಅಗಲ ಮಾಡಿದ ಗುಳೇದಗುಡ್ಡದ ಖಣದ ಕುಪ್ಪಸ. ತಲೆಗೆ ಚೌರಿ. ನೆರಿಗೆ ಹಿಡಿದು, ಹೊಟ್ಟೆಯ ಬಳಿ ಸಿಕ್ಕಿಸಿ, ಪಿನ್ನನ್ನು ತುಟಿಯಲ್ಲಿ ಕಚ್ಚಿಕೊಂಡೇ ಬೈಯುತ್ತಿದ್ದರು.

“ಸೀದಾ ನಿಂದ್ರೋ. ಹೆಜ್ಜಿ ಸಣ್ಣದಿಡು. ಸೆರಗ ಜಾರಿದ್ರ ಎಡಗೈಲೆ ಎತ್ತಬೇಕು, ಬಲಗೈಯಾಗ ಕೆಲಸ ಇರ್ತೈತಿ.”

ಈ ಕೊನೆಯ ಮಾತು ಎಂಥದು! ಬಲಗೈಯಲ್ಲಿ ಕೆಲಸ ಇರುತ್ತದೆ, ಆದ್ದರಿಂದ ಸೆರಗು ಎಡಗೈಯಿಂದ. ಆ ಹುಡುಗ ಅದನ್ನು ಕಲಿತ. ಮಧ್ಯಾಹ್ನ ಬೀದಿಯಲ್ಲಿ ಅವನು ಎಡಗೈಯಿಂದ ಸೆರಗು ಎತ್ತಿಕೊಂಡಾಗ ಗಂಡಸರು ನಕ್ಕರು, ಯಾಕೆಂದರೆ ಅದು ಹೆಂಗಸಿನ ಹಾಗೆಯೇ ಇತ್ತು. ಹೇಳಿಕೊಟ್ಟವರು ಮನೆಯೊಳಗೆ ಹೂರಣ ರುಬ್ಬುತ್ತಿದ್ದರು. ಶವಯಾತ್ರೆಯ ಅಳುವಿನ ಪದ ಕೂಡ ಅರ್ಧಕ್ಕರ್ಧ ಆ ಪಡಸಾಲೆಯಲ್ಲೇ ಹುಟ್ಟಿದ್ದು, ನಾನು ಕೇಳುತ್ತ ಕುಳಿತಿದ್ದೆ. ಗಟಾರದ ಸಾಲು ಅವರದೇ. ದಿನಾ ಆ ಗಟಾರ ದಾಟಿ ನೀರು ತರುವವರು ಅವರು ತಾನೆ.

ನನ್ನ ಫೋಟೋದಲ್ಲಿ ವೈನಿಯ ಎರಡು ಕೈ ಮಾತ್ರ ಇವೆ. ಮುಖ ಬೇಡ ಎಂದರು.

*

ಟಿಕೋಟಾ. ಅಥಣಿ ರಸ್ತೆ.

ಹೋಳಿ ಬರುವ ಹೊತ್ತಿಗೆ ಇಲ್ಲಿ ದ್ರಾಕ್ಷಿಯ ಗದ್ದಲ. ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯ ಮೇಲೆ ಹಣ್ಣು ಹರವಿರುತ್ತಾರೆ. ಅದ್ದಿ ತೆಗೆದ ಎಣ್ಣೆಯ ವಾಸನೆ ಊರ ಹೊರಗೇ ಮೂಗಿಗೆ ಬಡಿಯುತ್ತದೆ. ಎರಡು ವಾರದಲ್ಲಿ ಅದು ಮಣೂಕ, ಒಣದ್ರಾಕ್ಷಿ. ಆಮೇಲೆ ತಾಸಗಾಂವ, ಸಾಂಗಲಿಯ ಪೇಟೆ, ಅಲ್ಲಿಯ ದರ, ಅಲ್ಲಿಯ ದಲಾಲ. ಮಾಲು ಒಯ್ದವರು ಹಣಕ್ಕೆ ನಾಳೆ ನಾಡಿದ್ದು ಎನ್ನುವ ಕತೆ ಇಲ್ಲಿ ಯಾವ ಕಟ್ಟೆಯ ಮೇಲೆ ಕೂತರೂ ಕೇಳಿಬರುತ್ತದೆ.

ನಾನು ಅಲ್ಲಿಗೆ ಹೋದ ವರ್ಷದ ಸೋಗು ಅದೇ. ದಲಾಲನ ವೇಷದವನಿಗೆ ಬಿಳಿ ಪೈಜಾಮ, ತಂಪು ಕನ್ನಡಕ, ರಟ್ಟಿನಲ್ಲಿ ಮಾಡಿದ ಮೊಳದುದ್ದ ಮೊಬೈಲ್. ರೈತನ ವೇಷದವನು ಕೈಕಟ್ಟಿ ನಿಂತಿದ್ದ. ಮಾತೆಲ್ಲ ರೈತನ ಹೆಂಡತಿಯದು. ಆ ಪಾತ್ರಕ್ಕೆ ಸೀರೆ ಉಟ್ಟವನು ಆರಡಿ ಆಳು, ಮೀಸೆ ತೆಗೆಸಿರಲಿಲ್ಲ. ಮಾತಾಡುವಾಗ ಮಾತ್ರ ಸೆರಗಿನಿಂದ ಮೀಸೆ ಮುಚ್ಚಿಕೊಳ್ಳುತ್ತಿದ್ದ.

“ನಾಳಿಗಿ ಪೇಮೆಂಟ್ ಆಗತೈತಿ ಬಾಯಾರ.”

“ಯಾವ ನಾಳಿ? ಹ್ವಾದ ವರ್ಷದ ನಾಳಿಯೋ, ಮುಂದಿನ ವರ್ಷದ ನಾಳಿಯೋ?”

ಕೊನೆಗೆ ಅವಳು ಸೆರಗಿನಿಂದ ದಲಾಲನನ್ನು ಲೈಟಿನ ಕಂಬಕ್ಕೆ ಕಟ್ಟಿದಳು. ಜನ ಹುಚ್ಚೆದ್ದು ಕೂಗಿದರು. ನನ್ನ ಪಕ್ಕ ನಿಂತಿದ್ದ ಹಿರಿಯರೊಬ್ಬರು ಮಾತ್ರ ನಗಲಿಲ್ಲ. ಮುಂದೆ ಹೋಗಿ, ವೇಷದ ದಲಾಲನ ಎದುರು ನಿಂತು, ತಮಗೆ ಬರಬೇಕಾದ ನಿಜವಾದ ಬಾಕಿಯನ್ನು ಗಟ್ಟಿಯಾಗಿ ಹೇಳಿದರು. ಒಂದು ಗಳಿಗೆ ಹಲಗಿ ನಿಂತಿತು. ವೇಷದವನು ಏನು ಮಾಡಬೇಕೋ ತಿಳಿಯದೆ ಕನ್ನಡಕ ತೆಗೆದು, “ಕೊಡ್ತೀನ್ರಿ ಕಾಕಾ” ಅಂದ.

ರೈತನೇ ಯಾಕೆ ಕೇಳಲಿಲ್ಲ? ಹೆಂಡತಿಯ ಬಾಯಿಂದಲೇ ಯಾಕೆ ಬರಬೇಕಿತ್ತು? ನನಗೆ ಹೊಳೆಯುವುದು ಇಷ್ಟು. ಗಂಡಸಾಗಿ ಕೇಳಿದರೆ ಜಗಳವಾಗುತ್ತದೆ, ಮುಂದಿನ ಸಲ ಮಾಲು ಎತ್ತುವವರಿಲ್ಲ. ಸೀರೆ ಉಟ್ಟು ಕೇಳಿದರೆ ಅದು ಸೋಗು. ಆದರೆ ನಿಜವಾದ ಹೆಂಗಸರು ಅದೇ ಮಾತನ್ನು ಅದೇ ಪೇಟೆಯಲ್ಲಿ ಕೇಳುವುದನ್ನು ನಾನು ಕಂಡಿಲ್ಲ. ಹಾಗಾದರೆ ಈ ಧೈರ್ಯ ಸೀರೆಯದೋ, ಒಳಗಿನ ಗಂಡಸಿನದೋ?

*

ಬಬಲೇಶ್ವರ. ಜಮಖಂಡಿ ರಸ್ತೆಯ ಊರು. ಶ್ರೀಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆಯ ಪಾತ್ರ ಮಾಡುತ್ತಿದ್ದ ಹಿರಿಯರೊಬ್ಬರ ಮನೆ.

ಅಪರಾಳ ತಮ್ಮಣ್ಣ ಬರೆದು ಕುಲಗೋಡ ತಮ್ಮಣ್ಣ ಬೆಳೆಸಿದ ಈ ಆಟ ಕೃಷ್ಣಾ ತೀರದ ಊರುಗಳಲ್ಲಿ ಬೆಳತನಕ ನಡೆಯುತ್ತಿತ್ತು. ಹಿರಿಯರು ಟ್ರಂಕಿನಿಂದ ಸ್ಟುಡಿಯೋ ಫೋಟೋ ತೆಗೆದು ತೋರಿಸಿದರು. ಹಿಂದೆ ಬಣ್ಣ ಬಳಿದ ಪರದೆಯ ಮೇಲೆ ಅರಮನೆಯ ಕಂಬ, ಮುಂದೆ ಕಪ್ಪು ಬಿಳುಪಿನ ಭಾಮೆ, ಗದ್ದದ ಕೆಳಗೆ ಒಂದು ಬೆರಳು. ನಾನು ಸೋಗಿನ ಮಾತು ತೆಗೆದೆ. ಅವರಿಗೆ ಸಿಟ್ಟು ಬಂತು.

“ಸೋಗು ಬ್ಯಾರೆ ತಮ್ಮಾ. ನಗಸಾಕ ಭಾಗವತ ಇದ್ದ. ನಾ ಸೆಡವು ಮಾಡಿ ಮೂಲ್ಯಾಗ ಕುಂತ್ರ ಹೆಣ್ಣಮಕ್ಕಳು ಕಣ್ಣೀರ ತಗೀತಿದ್ರು.”

ಒಳಗಿನಿಂದ ಅಜ್ಜಿಯ ದನಿ: “ಮದುವ್ಯಾದ ಹೊಸದಾಗಿ ನನಗಿಂತ ಚಂದ ಸೀರಿ ಉಡತಿದ್ರ ನೋಡಪಾ. ನನಗs ನಿರಿಗಿ ಹಿಡಿಯೂದು ಕಲಿಸ್ಯಾರ.”

ಇಬ್ಬರೂ ಇದನ್ನು ಹೆಮ್ಮೆಯಿಂದಲೇ ಹೇಳಿದರು.

ಈ ಮಾತು ಕೇಳಿದಾಗ ಬೀಳಗಿಯ ಗೋಹರಬಾಯಿ ಕರ್ನಾಟಕಿಯ ನೆನಪಾಯಿತು. ಆಗ ವಿಜಯಪುರ ಜಿಲ್ಲೆಗೇ ಸೇರಿದ್ದ ಬೀಳಗಿಯಿಂದ ಹೊರಟ ಅಕ್ಕತಂಗಿಯರಲ್ಲಿ ಅಮೀರಬಾಯಿ ಹಿಂದಿ ಸಿನೆಮಾದ ಹಾಡುಗಾರ್ತಿಯಾದರು. ಅವರ ಮೇಲೆ ರಹಮತ್ ತರೀಕೆರೆಯವರ ಪುಸ್ತಕವೇ ಇದೆ. ಗೋಹರಬಾಯಿ ಮರಾಠಿಯ ಬಾಲಗಂಧರ್ವರ ಕಂಪನಿ ಸೇರಿದರು. 1888ರಲ್ಲಿ ಹುಟ್ಟಿದ ಬಾಲಗಂಧರ್ವರು ಸ್ತ್ರೀಪಾತ್ರಕ್ಕೆ ಎಷ್ಟು ಹೆಸರಾಗಿದ್ದರೆಂದರೆ, ಅವರು ಸೀರೆ ಉಟ್ಟ ರೀತಿಯನ್ನು ದೊಡ್ಡ ಮನೆತನದ ಹೆಂಗಸರು ನೋಡಿ ಕಲಿಯುತ್ತಿದ್ದರು. ಅವರಿಗೆ ವಯಸ್ಸಾಗುತ್ತ ಬಂದಾಗ ಆ ಪಾತ್ರಗಳನ್ನು ಗೋಹರಬಾಯಿ ಮಾಡಿದರು. ಗಂಡಸೊಬ್ಬ ಕಟ್ಟಿದ ಹೆಣ್ಣನ್ನು ಹೆಣ್ಣೊಬ್ಬಳು ಆಡಿದಳು. ಅವಳು ಅನುಕರಿಸಿದ್ದು ಯಾರನ್ನು?

*

ಬೆಂಗಳೂರು. ಟಿಕೋಟಾ ಕಡೆಯ ಹುಡುಗನೊಬ್ಬ, ನನಗೆ ಅಳಿಯನಾಗಬೇಕು, ಅಲ್ಲಿ ಕೆಲಸದಲ್ಲಿದ್ದಾನೆ. “ಮಾಮಾ, ಸೋಗು ಸೋಗು ಅಂತೀರಿ, ನಮ್ಮ ಕಡೆ ಸೋಗು ನೋಡ ಬರ್ರಿ, ಕ್ಯಾಮೆರಾನೂ ತಗೊಂಬರ್ರಿ” ಎಂದು ಒಂದು ರಾತ್ರಿ ಕ್ಲಬ್ಬಿಗೆ ಕರೆದೊಯ್ದ. ಸಲಿಂಗಿಗಳು ಸೇರುವ ರಾತ್ರಿ ಅದು. ಅವನು ಕರೆದ ರೀತಿಯಲ್ಲೇ ನನಗೆ ಹೇಳಬೇಕಾದ್ದನ್ನು ಹೇಳಿದ್ದ. ನಾನು ಹೆಚ್ಚಿಗೆ ಏನೂ ಕೇಳಲಿಲ್ಲ.

ಅಲ್ಲಿ ಕಂಡ, ಡ್ರ್ಯಾಗ್ ಎನ್ನುವ ಹೆಣ್ಣುವೇಷಗಾರಿಕೆ ಬೆಂಗಳೂರಿಗೆ ಹೊಸದಲ್ಲ. ಅಲೆಕ್ಸ್ ಮ್ಯಾಥ್ಯೂ ಎಂಬ ಕಲಾವಿದ ‘ಮಾಯಾ’ ಆಗಿ ಕುಣಿಯುತ್ತ ಬಂದು ಹತ್ತು ವರ್ಷದ ಮೇಲಾಯಿತು. ದಿಲ್ಲಿಯ ಕಿಟ್ಟಿ ಸು ಕ್ಲಬ್ಬಿನಲ್ಲಿ ಇಂಥ ರಾತ್ರಿಗಳನ್ನು ಬೆಳೆಸಿದ ಹೋಟೆಲ್ ಉದ್ಯಮಿ ಕೇಶವ್ ಸೂರಿ 377ನೇ ಕಲಮಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಒಬ್ಬರು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ವಯಸ್ಕರ ಒಪ್ಪಿತ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಕೈಬಿಟ್ಟಿತು.

ಆ ರಾತ್ರಿಯದು ಸುಂದರಿ ಸ್ಪರ್ಧೆಯ ಅಣಕು. ಹೆಗಲಿಗೆ ಅಡ್ಡಪಟ್ಟಿ, ತಲೆಗೆ ಕಿರೀಟ, ನಡುವೆ ತೀರ್ಪುಗಾರರ ಪ್ರಶ್ನೆ. ಒಬ್ಬರು ಮದುವೆ ಮನೆಯ ಅತ್ತೆಯಾಗಿ ಬಂದಿದ್ದರು. ಸಭಿಕರಲ್ಲಿ ಒಬ್ಬೊಬ್ಬರ ಮುಂದೆ ನಿಂತು “ನಿಂದು ಯಾವಾಗಪ್ಪಾ?” ಎಂದು ಕೇಳಿದರೆ ಸಾಕು, ಇಡೀ ಕ್ಲಬ್ಬು ಬಿದ್ದು ಬಿದ್ದು ನಗುತ್ತಿತ್ತು. ಅಳಿಯನ ಮುಂದೆಯೂ ನಿಂತರು. ಅವನು ನಕ್ಕ ನಗುವನ್ನು ನಾನು ಊರಿನಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಫೋಟೋ ತೆಗೆಯುವುದು ಕಷ್ಟದ ಕೆಲಸ. ನೇರಳೆ ದೀಪ ಒಂದು ಕಡೆಯಿಂದ, ನೀಲಿ ಇನ್ನೊಂದು ಕಡೆಯಿಂದ. ಚರ್ಮದ ನಿಜವಾದ ಬಣ್ಣ ಯಾವ ಗಳಿಗೆಯಲ್ಲೂ ಕೈಗೆ ಸಿಗದು. ಫ್ಲ್ಯಾಶ್ ಹಾಕಿದರೆ ಆಟವೇ ಕೆಡುತ್ತದೆ. ಆದರೆ ನನ್ನನ್ನು ಚಿಂತೆಗೆ ಹಚ್ಚಿದ್ದು ಅದಲ್ಲ. ನಿರೂಪಕರು ಆರಂಭದಲ್ಲೇ ಹೇಳಿದರು: ವೇದಿಕೆಯ ಮೇಲಿನವರ ಫೋಟೋ ಎಷ್ಟಾದರೂ ತೆಗೆಯಿರಿ, ಕೆಳಗೆ ಕೂತವರದು ಕೇಳದೆ ತೆಗೆಯಬೇಡಿ. ವೇದಿಕೆಯ ಮೇಲೆ ಇಂಚು ದಪ್ಪ ಬಣ್ಣ, ಅಂಗೈಯಗಲ ರೆಪ್ಪೆ. ಅವರು ಕ್ಯಾಮೆರಾ ಕಂಡರೆ ತಿರುಗಿ ನಿಲ್ಲುತ್ತಾರೆ. ಕೆಳಗೆ ಅಂಗಿ ಪ್ಯಾಂಟು ಹಾಕಿಕೊಂಡು, ಯಾವ ಬಣ್ಣವನ್ನೂ ಹಚ್ಚಿಕೊಳ್ಳದೆ ಕೂತವರು ಲೆನ್ಸ್ ತಮ್ಮ ಕಡೆ ತಿರುಗಿದರೆ ಮುಖ ಮುಚ್ಚಿಕೊಳ್ಳುತ್ತಾರೆ. ವೇಷ ಹಾಕಿದವರಿಗೆ ಭಯವಿಲ್ಲ, ಹಾಕದವರಿಗೆ ಭಯ. ಒಂದು ಫೋಟೋ ಊರು ತಲುಪಿದರೆ ಏನಾಗುತ್ತದೆ ಎಂದು ಅಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತು.

ಅಳಿಯನ ಫೋಟೋ ನಾನು ತೆಗೆಯಲಿಲ್ಲ. ಅವನೂ ಕೇಳಲಿಲ್ಲ.

*

ಸುಂದರಿ ಸ್ಪರ್ಧೆಯ ಅಣಕು ಬೆಂಗಳೂರಿನದಷ್ಟೇ ಅಲ್ಲ. ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ 1921ರಿಂದ ಮಿಸ್ ಅಮೆರಿಕ ಸ್ಪರ್ಧೆ ನಡೆಯುತ್ತಿತ್ತು. ಅದೇ ಊರಿನ ಸ್ಟುಡಿಯೋ ಸಿಕ್ಸ್ ಎಂಬ ಸಲಿಂಗಿಗಳ ಕ್ಲಬ್ಬಿನಲ್ಲಿ 1990ರ ದಶಕದ ಆರಂಭದಲ್ಲಿ ಅದರ ಅಣಕು ಸ್ಪರ್ಧೆ ಹುಟ್ಟಿತು. ಕಿರೀಟ, ಪ್ರಶ್ನೋತ್ತರ, ಈಜುಡುಗೆ ಎಲ್ಲವನ್ನೂ ಗಂಡಸರೇ ಆಡಿ ತೋರಿಸುವುದು. ಕೂಡಿದ ಹಣ ಎಚ್‌ಐವಿ ಪೀಡಿತರ ಆರೈಕೆಗೆ. ಗೆಳೆಯರು ಒಬ್ಬರ ಹಿಂದೊಬ್ಬರು ಸಾಯುತ್ತಿದ್ದ ಕಾಲ ಅದು. ನಮ್ಮ ಸೋಗಿನವರೂ ತಟ್ಟೆ ಹಿಡಿದು ಪಟ್ಟಿ ಎತ್ತುತ್ತಾರೆ. ಆ ದುಡ್ಡು ಊಟಕ್ಕೆ, ಹಲಗಿಯವರಿಗೆ, ಮುಂದಿನ ವರ್ಷದ ಖರ್ಚಿಗೆ ಹೋಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಎಚ್‌ಐವಿಯಿಂದ ಬಹಳ ನೊಂದಿವೆ. ಇಲ್ಲಿ ಯಾರ ಸಾವಿಗೆ ಯಾರು ಪಟ್ಟಿ ಎತ್ತಿದರು?

*

ಎಲ್ಲಮ್ಮನಿಗೆ ಮುಡಿಪಾಗಿ ಸೀರೆ ಉಟ್ಟು, ಪಡಲಗಿ ಹೊತ್ತ ಜೋಗಪ್ಪನವರೊಬ್ಬರು ನಮ್ಮ ಓಣಿಗೆ ಬರುತ್ತಾರೆ. ಹಸಿರು ಸೀರೆ, ಹಣೆತುಂಬ ಭಂಡಾರ, ಕೊರಳಲ್ಲಿ ಕವಡೆ ಸರ. ಅವರನ್ನು ಜನ ‘ಜೋಗವ್ವಾ’ ಎಂದು ಕರೆಯುತ್ತಾರೆ. ಹೋಳಿಯ ಫೋಟೋಗಳನ್ನು ಅವರಿಗೆ ತೋರಿಸಿದೆ. ಒಂದೊಂದನ್ನೂ ಸಾವಕಾಶವಾಗಿ ನೋಡಿದರು. ದಲಾಲನನ್ನು ಕಟ್ಟಿಹಾಕಿದ್ದಕ್ಕೆ ನಕ್ಕರು. ಆಮೇಲೆ ಅಂದರು:

“ಇವರದು ಹುಣ್ಣಿವಿಗಿ ಮುಗೀತೈತಿ. ನಂದು ಮುಗಿಯೂದಿಲ್ಲ. ನನ್ನ ಕಾಲ ಬೀಳೂ ಮಂದಿನs ಸಂತ್ಯಾಗ ನನ್ನ ಮಗ್ಗಲ ಕುಂದ್ರೂದಿಲ್ಲ.”

2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಮಂಜಮ್ಮ ಜೋಗತಿಯವರು ಪದ್ಮಶ್ರೀ ಪಡೆದ ಫೋಟೋ ನೆನಪಿಸಿದೆ. ಪ್ರಶಸ್ತಿ ತೆಗೆದುಕೊಳ್ಳುವ ಮೊದಲು ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದರಲ್ಲ, ಅದು. ಕರ್ನಾಟಕ ಜಾನಪದ ಅಕಾಡೆಮಿಗೆ ಅಧ್ಯಕ್ಷರಾಗಿದ್ದವರು ಅವರು. “ಗೊತ್ತೈತಿ, ಫೋನಿನ್ಯಾಗ ಇಟಗೊಂಡೀನಿ” ಎಂದು ಜೋಗವ್ವ ತೋರಿಸಿದರು. ನಾನು ಕಂಡ ಫೋಟೋಗಳಲ್ಲಿ ಅಷ್ಟು ಬಲದ್ದು ಇನ್ನೊಂದಿಲ್ಲ. ಅಲ್ಲಿ ಸೆರಗು ಯಾರನ್ನೂ ನಗಿಸುವುದಿಲ್ಲ, ಯಾರನ್ನೂ ಬೇಡುವುದೂ ಇಲ್ಲ. ದೇಶದ ಮೊದಲ ಪ್ರಜೆಯನ್ನು ಹರಸುತ್ತದೆ.

ಸುಪ್ರೀಂ ಕೋರ್ಟು 2014ರಲ್ಲೇ ತೃತೀಯ ಲಿಂಗವನ್ನು ಮಾನ್ಯ ಮಾಡಿದೆ. 2021ರಲ್ಲಿ ನಮ್ಮ ಸರಕಾರ ನೇರ ನೇಮಕಾತಿಯಲ್ಲಿ ಶೇಕಡಾ 1ರ ಮೀಸಲಾತಿಯನ್ನೂ ಕೊಟ್ಟಿದೆ. ಇದನ್ನು ಹೇಳಿದೆ. “ನನಗ ಸಾಲೀನs ಆಗಿಲ್ಲ” ಎಂದು ಪಡಲಗಿ ಎತ್ತಿಕೊಂಡರು.

*

ಮೊದಲು ಸೋಗಿನ ಫೋಟೋ ಆಲ್ಬಮ್ಮಿನಲ್ಲಿ ಇರುತ್ತಿತ್ತು. ಈಗ ಬಣ್ಣ ತೊಳೆದುಕೊಳ್ಳುವ ಮೊದಲೇ ಸ್ಟೇಟಸ್‌ನಲ್ಲಿರುತ್ತದೆ. ಟಿಕೋಟಾದಲ್ಲಿ ಹುಡುಗನೊಬ್ಬ ಕೈ ಹಿಡಿದುಕೊಂಡು ಹೇಳಿದ: “ತಗೀರಿ ಸರ, ಆದ್ರ ಎಲ್ಲೀ ಹಾಕಬ್ಯಾಡ್ರಿ. ಮನ್ಯಾಗ ಹೆಣ್ಣ ನೋಡಾಕತ್ಯಾರ.” ಅವನಿಗೆ ನಾಚಿಕೆ ಇರಲಿಲ್ಲ, ಊರೆಲ್ಲ ಎದುರಿಗೇ ನೋಡಿದೆ. ಅಂಜಿಕೆ ಇದ್ದದ್ದು ನೋಡದವರದು. ಅಲ್ಲಿ ಹೋಳಿ ಇಲ್ಲ, ಹಲಗಿ ಇಲ್ಲ, ಬರೀ ಸೀರೆ ಉಟ್ಟ ಗಂಡಸಿನ ಚಿತ್ರ ಇದೆ. ಸೋಗಿಗೆ ಅದರ ದಿನ ಬೇಕು. ನನ್ನ ಕ್ಯಾಮೆರಾ ಅದರಿಂದ ಆ ದಿನವನ್ನೇ ಕತ್ತರಿಸಿ ತೆಗೆಯುತ್ತದೆ.

ಇದಕ್ಕೆ ತಿರುಗುಮುರುಗು ಇನ್ನೊಂದು. ಹೋಳಿ ಮುಗಿದು ವಾರಗಳಾದ ಮೇಲೆ ಒಬ್ಬ ಬಂದ. ಎಲ್ಲಿಂದ, ಯಾರು ಎಂದು ಇಲ್ಲಿ ಬರೆಯುವುದಿಲ್ಲ. ತನ್ನದೊಂದು ಪ್ರಿಂಟ್ ಬೇಕೆಂದ. ಕುಣಿಯುವುದು ಬೇಡ, ನಗುವುದೂ ಬೇಡ. ಮೇಳ ಹೊರಡುವ ಮೊದಲು, ಸೀರೆ ಉಟ್ಟು ಕನ್ನಡಿಯ ಮುಂದೆ ಸುಮ್ಮನೆ ನಿಂತದ್ದು ಒಂದಿದೆಯಲ್ಲ, ಅದು. ಫೋನಿಗೆ ಕಳಿಸಲೇ ಎಂದರೆ ಬೇಡ, ಕಾಗದದ ಮೇಲೇ ಬೇಕು ಎಂದ. ಮಾಡಿಸಿ ಕೊಟ್ಟೆ. ಪಾಕೀಟಿನಲ್ಲಿ ಮಡಚದೆ ಇಟ್ಟುಕೊಂಡು ಹೋದ. ಅವನಿಗೆ ಅದು ಸೋಗೇ ಆಗಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿದೆ ಎಂದು ಅನಿಸಲಿಲ್ಲ. ಆದರೆ ಅಂದಿನಿಂದ ಹೋಳಿಯ ದಿನ ಸೀರೆ ಉಟ್ಟವರ ಸಾಲು ಕಂಡಾಗೆಲ್ಲ ಇವರಲ್ಲಿ ಯಾರಿಗೆ ಇದು ಒಂದು ದಿನದ ಮೋಜು, ಯಾರಿಗೆ ವರ್ಷಕ್ಕೆ ಸಿಗುವ ಒಂದೇ ದಿನ ಎಂಬ ಪ್ರಶ್ನೆ ಏಳುತ್ತದೆ.

*

ಬಬಲೇಶ್ವರದಿಂದ ವಿಜಯಪುರದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ಹುಡುಗಿಯೊಬ್ಬಳು ಕೇಳಿದಳು: “ಗ್ಯಾದರಿಂಗಿನ್ಯಾಗ ನಾವು ಸಂಗೊಳ್ಳಿ ರಾಯಣ್ಣ ಆಗ್ತೀವಿ, ಶಿವಾಜಿ ಆಗ್ತೀವಿ. ಹೋಳ್ಯಾಗ ಯಾಕ ಸಾವುಕಾರ ಆಗಬಾರದ್ರಿ ಸರ?” ಊರ ಹಿರಿಯರನ್ನು ವಿಚಾರಿಸಿದೆ. “ಬರವಲ್ರ್ಯಾಕ, ಯಾರ ಬ್ಯಾಡಂದಾರ?” ಅಂದರು. ಬೇಡ ಎಂದವರಿಲ್ಲ, ಬಂದವರೂ ಇಲ್ಲ.

ಅವಳ ಕೈಗೆ ನನ್ನ ಸಣ್ಣ ಕ್ಯಾಮೆರಾ ಕೊಟ್ಟೆ. ಬಣ್ಣದ ದಿನ ಅವಳು ಹೆಂಗಸರ ಜೊತೆ ಮಾಳಿಗೆಯ ಮೇಲಿದ್ದಳು. ನನ್ನ ಫೋಟೋಗಳಲ್ಲಿ ಮಾಳಿಗೆಯ ಹೆಂಗಸರು ಹಿಂದೆಲ್ಲೋ ಮಸುಕಾದ ತಲೆಗಳ ಸಾಲು. ಅವಳ ಫೋಟೋಗಳಲ್ಲಿ ಅವರೇ ಮುಂದೆ, ಗಂಡಸರ ಮೇಳ ಕೆಳಗೆ ಅಂಗೈಯಷ್ಟು. ಎರಡನ್ನೂ ತೆಗೆದ ಹೊತ್ತು ನೋಡಿ ಜೋಡಿಸಿದೆ. ಸೀರೆ ಉಟ್ಟವನು ಸೊಂಟ ಕುಣಿಸಿದಾಗ ಕೆಳಗಿನವರು ನಗುತ್ತಿದ್ದಾರೆ, ಮೇಲಿನವರು ಸುಮ್ಮನೆ ನೋಡುತ್ತಿದ್ದಾರೆ. ಅವನು ಎದುರು ಬಂದ ಹಿರಿಯರನ್ನು ಕಂಡು ಅವಸರದಲ್ಲಿ ತಲೆಯ ಮೇಲೆ ಸೆರಗು ಎಳೆದುಕೊಂಡಾಗ ಮೇಲಿನವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದಾರೆ, ಒಬ್ಬ ಮುದುಕಿಯ ಕಣ್ಣಲ್ಲಿ ನೀರು ಬಂದಿದೆ. ಅದೇ ಗಳಿಗೆಯ ನನ್ನ ಫೋಟೋದಲ್ಲಿ ಕೆಳಗಿನವರು ಅದನ್ನು ಗಮನಿಸಿಯೇ ಇಲ್ಲ.

ಯಾಕೆ ಅಷ್ಟು ನಗು ಎಂದು ಹುಡುಗಿಯನ್ನು ಕೇಳಿದೆ. “ಅದು ನಿಮಗ ತಿಳಿಯೂದಿಲ್ರಿ ಸರ” ಎಂದಳು. ಮುಂದಿನ ಸಲ ಮಾಳಿಗೆಯ ಮೇಲೆ ನಿಲ್ಲುವುದಿಲ್ಲವಂತೆ, ಹಲಗಿಯ ಹಿಂದೆ ನಡೆಯುತ್ತಾಳಂತೆ. ಅವಳ ಅಪ್ಪ ಇನ್ನೂ ಹೂಂ ಅಂದಿಲ್ಲ.